ಮಹಾಮಾರಿಯ ಕಾಲದಲ್ಲಿ ಮನೆತನದ ಮೂಲಶೋಧನೆ

ಪರಂಪರೆಯನ್ನು ಹೆಸರುಹೆಸರಾಗಿ ಸ್ಮರಿಸುವುದು ಜೈನಸಮಾಜಕ್ಕೆ ಹೊಸದಲ್ಲ. ಪಟ್ಟಾವಳಿಗಳು ಆಚಾರ್ಯರ ಸಾಲನ್ನು ಉಳಿಸಿವೆ. ನಿಸಿಧಿಗಲ್ಲುಗಳು ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದ ಮುನಿಗಳ, ಆರ್ಯಿಕೆಯರ, ಗೃಹಸ್ಥರ ಹೆಸರುಗಳನ್ನು ಕಾಪಾಡಿವೆ. ಲೂಯಿ ರೈಸರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು; ಆರ್. ನರಸಿಂಹಾಚಾರ್ಯರು 1923ರ ಪರಿಷ್ಕರಣದಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳವು ಪ್ರಾಚೀನ ಕೊಪಣ ತೀರ್ಥವಾಗಿದ್ದು, ಅಲ್ಲಿಯ ಶಾಸನಗಳೂ ಇಂತಹ ಸ್ಮರಣೆಗಳಿಂದ ತುಂಬಿವೆ. ಸಾವಿರ ವರ್ಷಗಳ ಹಿಂದೆ ಗತಿಸಿದವರ ಹೆಸರನ್ನು ನಾವು ಕಲ್ಲಿನಲ್ಲಿ ಓದಬಲ್ಲೆವು. ಆದರೆ ನಮ್ಮದೇ ಮನೆಯಲ್ಲಿ ನೂರು ವರ್ಷಗಳ ಹಿಂದೆ ತೀರಿಕೊಂಡ ಮುತ್ತಜ್ಜಿಯ ಹೆಸರನ್ನು ಕೇಳಿದರೆ ಬಹುಮಂದಿ ನಿರುತ್ತರರಾಗುತ್ತಾರೆ. ಇದು ಚಿಂತನಾರ್ಹವಾದ ಸಂಗತಿ.

ಮನೆತನದ ಮೂಲವನ್ನು ತಿಳಿಯಬೇಕೆಂಬ ಹಂಬಲ 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದ ಮೇಲೆ ಅನೇಕ ಕುಟುಂಬಗಳಲ್ಲಿ ಹೊಸದಾಗಿ ಚಿಗುರಿತು. ಅಂಗಡಿಗಳು ಮುಚ್ಚಿದ್ದವು, ಪ್ರಯಾಣ ನಿಂತಿತ್ತು, ಹಿರಿಯರೂ ಕಿರಿಯರೂ ಒಂದೇ ಸೂರಿನಡಿ ದಿನವಿಡೀ ಕುಳಿತಿದ್ದರು. ನಮ್ಮವರು ಈ ಊರಿಗೆ ಬಂದದ್ದು ಯಾವಾಗ, ಏತಕ್ಕೆ, ಯಾರೊಡನೆ ಎಂಬ ಪ್ರಶ್ನೆಗಳು ಎದ್ದವು. ಆದರೆ ಉತ್ತರವನ್ನು ಒದಗಿಸಬೇಕಾದ ಪತ್ರಾಗಾರಗಳ ಬಾಗಿಲುಗಳೂ ಅದೇ ದಿನಗಳಲ್ಲಿ ಮುಚ್ಚಿದ್ದವು. ತೆರೆದ ಮೇಲಾದರೂ ಅಲ್ಲಿಗೆ ಹೋಗುವುದು ಯುಕ್ತವೇ ಎಂಬುದು ಧರ್ಮದ ಪ್ರಶ್ನೆಯಾಯಿತು. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯ ನಿದರ್ಶನವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂರು ಊರು, ಹಲವು ಆಡಳಿತ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1853ರ ಒಪ್ಪಂದದಂತೆ ಅದು ಬ್ರಿಟಿಷರ ಆಡಳಿತಕ್ಕೆ ಒಳಪಟ್ಟು, 1860ರಲ್ಲಿ ಮರಳಿ ನಿಜಾಮರ ವಶವಾಯಿತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ದಂಡು ನೆಲೆಸಿತ್ತು. ಅದು 1905ರವರೆಗೆ ಪ್ರತ್ಯೇಕ ಜಿಲ್ಲೆಯ ಕೇಂದ್ರವೂ ಆಗಿತ್ತು. ಆ ಬಳಿಕ ರಾಯಚೂರು ಜಿಲ್ಲೆಯಲ್ಲಿ ವಿಲೀನವಾಯಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತ ಒಕ್ಕೂಟವನ್ನು ಸೇರಿತು. 1956ರ ನವೆಂಬರ್ 1ರಂದು ಈ ಭಾಗ ವಿಶಾಲ ಮೈಸೂರು ರಾಜ್ಯದ ಅಂಗವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಮಾರವಾಡದ ವರ್ತಕರು ಹೈದರಾಬಾದ್ ಸಂಸ್ಥಾನದ ಪೇಟೆಗಳಿಗೆ ಬಂದು ನೆಲೆಸಿದರು. 1871ರಲ್ಲಿ ಮುಂಬಯಿ ಮತ್ತು ಮದ್ರಾಸುಗಳಿಂದ ಹೊರಟ ರೈಲುಮಾರ್ಗಗಳು ರಾಯಚೂರಿನಲ್ಲಿ ಸಂಧಿಸಿದ ಮೇಲೆ ಈ ಸೀಮೆಗೆ ದೂರದ ವರ್ತಕರ ಬರವು ಸುಗಮವಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದಾಗ ಸಿಂಧನೂರು ಭತ್ತದ ದೊಡ್ಡ ಪೇಟೆಯಾಗಿ ಬೆಳೆಯಿತು. ಇಂದು ಇಲ್ಲಿರುವ ಓಸವಾಳ ಮನೆತನಗಳ ಬೇರು ಒಂದು ಕಡೆ ರಾಜಸ್ಥಾನದಲ್ಲಿಯೂ ಮತ್ತೊಂದು ಕಡೆ ಈ ಕಪ್ಪು ಮಣ್ಣಿನಲ್ಲಿಯೂ ಇದೆ.

ಆಡಳಿತ ಬದಲಾದಂತೆಲ್ಲ ಕಾಗದವೂ ಸ್ಥಳಾಂತರವಾಯಿತು. ನಿಜಾಮ ಸರಕಾರದ ದಫ್ತರಗಳು ಹೈದರಾಬಾದಿನ ತಾರ್ನಾಕದಲ್ಲಿರುವ ಪತ್ರಾಗಾರದಲ್ಲಿವೆ. 2014ರಿಂದ ಅದು ತೆಲಂಗಾಣ ರಾಜ್ಯದ ಸಂಸ್ಥೆ. ಬ್ರಿಟಿಷ್ ರೆಸಿಡೆನ್ಸಿಗೆ ಸಂಬಂಧಿಸಿದ ಪತ್ರಗಳನ್ನು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ ಅಥವಾ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಹುಡುಕಬೇಕು. 1954-55ರ ಖಾಸ್ರಾ ಪಹಣಿ ಮೊದಲಾದ ಭೂದಾಖಲೆಗಳಿಗೆ ಕಂದಾಯ ಕಚೇರಿಯನ್ನೂ, ಕ್ರಯಪತ್ರಗಳಿಗೆ ಉಪನೋಂದಣಿ ಕಚೇರಿಯನ್ನೂ ಆಶ್ರಯಿಸಬೇಕು. ವಂಶಾವಳಿಯ ವಹಿಗಳು ರಾಜಸ್ಥಾನದ ಕುಲಗುರುಗಳ ಮತ್ತು ಭಾಟರ ಮನೆಗಳಲ್ಲಿವೆ. ಹೀಗೆ ಒಂದು ಕುಟುಂಬದ ಕಥೆ ನಾಲ್ಕು ಭಾಷೆಗಳಲ್ಲಿ, ನಾಲ್ಕಾರು ಊರುಗಳಲ್ಲಿ ಚದುರಿಹೋಗಿದೆ.

ಮಸ್ಕಿಯ ಕಲ್ಲು ಕಲಿಸುವ ಪಾಠ

ಚದುರಿದ ಸಾಕ್ಷ್ಯಗಳನ್ನು ಒಂದುಗೂಡಿಸುವ ಕೆಲಸ ಎಷ್ಟು ಸಹನೆಯನ್ನು ಬೇಡುತ್ತದೆಂಬುದಕ್ಕೆ ಮಸ್ಕಿಯೇ ಸಾಕ್ಷಿ. ಜೇಮ್ಸ್ ಪ್ರಿನ್ಸೆಪರು 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ದೊರೆತದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಆತನೇ ಅಶೋಕನೆಂದು ಸಿಂಹಳದ ಗ್ರಂಥಗಳ ಬಲದಿಂದ ವಿದ್ವಾಂಸರು ಊಹಿಸಿದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಚಿನ್ನದ ನಿಕ್ಷೇಪ ಅರಸುತ್ತ ಮಸ್ಕಿಯಲ್ಲಿ ಒಂದು ಶಾಸನವನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದಾಗ, ಬಿರುದಿನೊಡನೆ ಅಶೋಕ ಎಂಬ ಸ್ವಂತ ಹೆಸರೂ ಕಲ್ಲಿನಲ್ಲಿಯೇ ದೊರೆಯಿತು. ಊಹೆಗೆ ಪ್ರಮಾಣ ಲಭಿಸಲು 78 ವರ್ಷಗಳು ಬೇಕಾದವು. ಮುಂದೆ ಗುಜರ್ರಾ, ನಿಟ್ಟೂರು ಮತ್ತು ಉದೆಗೊಳಗಳಲ್ಲಿಯೂ ಆ ಹೆಸರು ಕಂಡುಬಂದಿತು.

ಮನೆತನದ ಇತಿಹಾಸಕಾರನಿಗೆ ಇದರಲ್ಲಿ ಎರಡು ಪಾಠಗಳಿವೆ. ಊಹೆಯನ್ನು ಊಹೆಯೆಂದೇ ಬರೆದಿಟ್ಟು ಕಾಯಬೇಕು ಎಂಬುದು ಮೊದಲನೆಯದು. ಪ್ರಮಾಣವು ನಾವು ನಿರೀಕ್ಷಿಸದ ಸ್ಥಳದಲ್ಲಿ, ಬೇರೇನನ್ನೋ ಹುಡುಕುವವರ ಕಣ್ಣಿಗೆ ಬೀಳಬಹುದು ಎಂಬುದು ಎರಡನೆಯದು. ಆದುದರಿಂದ ಇಂದು ನಿರುಪಯುಕ್ತವೆಂದು ಕಾಣುವ ಕಾಗದವನ್ನೂ ನಾಶಗೊಳಿಸಲಾಗದು.

ಕಾಳಯುಕ್ತಿ ಸಂವತ್ಸರದ ಜ್ವರ

ಮಹಾಮಾರಿಯ ನಡುವೆ ಮೂಲವನ್ನು ಹುಡುಕಲು ಹೊರಟವರಿಗೆ ಹಿಂದಿನ ಮಹಾಮಾರಿಯೊಂದು ಎದುರಾಗುವುದು ಅನಿವಾರ್ಯವಾಗಿತ್ತು. 1918ರ ಬೇಸಿಗೆಯ ಕೊನೆಯಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಜ್ವರವು ರೈಲುಮಾರ್ಗಗಳ ಗುಂಟ ಒಳನಾಡಿಗೆ ಹರಡಿತು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ಎರಡನೆಯ ಅಲೆ ಅತಿ ಘೋರವಾಗಿತ್ತು. ಅದೇ ವರ್ಷ ಮುಂಗಾರು ಕೈಕೊಟ್ಟು ಬರವೂ ಬಿದ್ದಿತ್ತು. ವೃದ್ಧರಿಗಿಂತ ಹೆಚ್ಚಾಗಿ 20ರಿಂದ 40 ವರ್ಷದ ದುಡಿಯುವವರು, ತಾಯಂದಿರು ಬಲಿಯಾದರು. ಭಾರತದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು 1 ಕೋಟಿ 20 ಲಕ್ಷದಿಂದ 2 ಕೋಟಿಯವರೆಗೆ ಅಂದಾಜಿಸಿದ್ದಾರೆ. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 1 ಕೋಟಿ 33 ಲಕ್ಷವಿದ್ದುದು 1921ರ ಗಣತಿಯಲ್ಲಿ ಸುಮಾರು 1 ಕೋಟಿ 24 ಲಕ್ಷಕ್ಕೆ ಇಳಿಯಿತು.

ಹಳೆಯ ವಂಶಾವಳಿಯಲ್ಲಿ ಈ ಕಾಲಘಟ್ಟದಲ್ಲಿ ಒಂದು ರೆಂಬೆ ಹಠಾತ್ತನೆ ನಿಂತುಹೋದರೆ, ಮಗುವೊಂದು ಚಿಕ್ಕಪ್ಪನ ಮನೆಯಲ್ಲಿ ಬೆಳೆದದ್ದು ಕಂಡುಬಂದರೆ, ವರ್ತಕನೊಬ್ಬನ ಎರಡನೆಯ ವಿವಾಹ 1919ರಲ್ಲಿ ಆದದ್ದು ತಿಳಿದುಬಂದರೆ, ಕಾರಣವನ್ನು ಆ ಜ್ವರದಲ್ಲಿ ಶೋಧಿಸುವುದು ಯುಕ್ತ. ಆದರೆ ಶೋಧಿಸುವ ದಾರಿ ಸುಲಭವಲ್ಲ. ಸಂಸ್ಥಾನದ ದಾಖಲೆಗಳಲ್ಲಿ ಫಸಲಿ ವರ್ಷ ಬಳಕೆಯಲ್ಲಿತ್ತು. ಅದು ಅಕ್ಟೋಬರ್ ಮೊದಲ ವಾರದಲ್ಲಿ, ಆಜೂರ್ ಮಾಸದಿಂದ ಆರಂಭವಾಗುತ್ತಿತ್ತು. ಆದ್ದರಿಂದ ಜ್ವರದ ಎರಡನೆಯ ಅಲೆಯ ಮೊದಲ ವಾರಗಳು ಫಸಲಿ 1327ರ ಕೊನೆಯಲ್ಲಿಯೂ ಉಳಿದ ಭಾಗ 1328ರಲ್ಲಿಯೂ ಬರುತ್ತವೆ. ಒಂದೇ ವರ್ಷದ ಕಡತವನ್ನು ನೋಡಿ ಹಿಂದಿರುಗಿದವನಿಗೆ ಅರ್ಧ ಸತ್ಯ ಮಾತ್ರ ದೊರೆಯುತ್ತದೆ. ವರ್ತಕರ ವಹಿಗಳಲ್ಲಿ ವಿಕ್ರಮ ಸಂವತ್ತಿದೆ. 1918ರ ಅಕ್ಟೋಬರಿನ ದಿನವೊಂದು ಚೈತ್ರದಿಂದ ವರ್ಷ ಎಣಿಸುವವರಿಗೆ ಸಂವತ್ 1975, ಕಾರ್ತಿಕದಿಂದ ಎಣಿಸುವವರಿಗೆ 1974. ಕನ್ನಡ ಪಂಚಾಂಗದಂತೆ ಅದು ಶಾಲಿವಾಹನ ಶಕ 1840, ಕಾಳಯುಕ್ತಿ ಸಂವತ್ಸರ. ಆ ದೀಪಾವಳಿಯ ಮರುದಿನ ವೀರನಿರ್ವಾಣ ಸಂವತ್ 2445 ಪ್ರಾರಂಭವಾಯಿತು. ಒಂದೇ ಮರಣಕ್ಕೆ ಐದು ಬಗೆಯ ತೇದಿಗಳು ಸಾಧ್ಯ. ಅವು ಒಂದನ್ನೊಂದು ವಿರೋಧಿಸುತ್ತವೆಂದು ಅವಸರದಿಂದ ತೀರ್ಮಾನಿಸಬಾರದು. ನಯಭೇದವನ್ನು ಅರಿತು ಸಮನ್ವಯ ಸಾಧಿಸುವ ಅನೇಕಾಂತದೃಷ್ಟಿ ಇಲ್ಲಿ ನಿತ್ಯೋಪಯೋಗಿ.

ಲಿಪಿಯ ತೊಡಕೂ ಇದೆ. ಮಹಾಜನೀ ಲಿಪಿಯಲ್ಲಿ ಸ್ವರಚಿಹ್ನೆಗಳನ್ನು ಬಿಟ್ಟು ಬರೆಯುವ ರೂಢಿಯಿತ್ತು. 'ಕಾಕಾ ಅಜಮೇರ ಗಯೇ', ಅಂದರೆ ಕಾಕಾ ಅಜಮೇರಿಗೆ ಹೋದರು ಎಂದು ಬರೆದ ಪತ್ರವನ್ನು 'ಕಾಕಾ ಆಜ ಮರ ಗಯೇ', ಅಂದರೆ ಕಾಕಾ ಇಂದು ತೀರಿಕೊಂಡರು ಎಂದು ಓದಿ ಮನೆಮಂದಿಯೆಲ್ಲ ಗೋಳಿಟ್ಟರೆಂಬ ಹಾಸ್ಯಕಥೆ ವರ್ತಕರಲ್ಲಿ ಪ್ರಸಿದ್ಧ. ನಗೆಯ ಕಥೆಯಾದರೂ ಎಚ್ಚರಿಕೆ ನಿಜವಾದದ್ದು. ಓದಲು ಬಲ್ಲ ಹಿರಿಯರು ಇರುವಾಗಲೇ ವಹಿಗಳನ್ನು ಓದಿಸಿಕೊಳ್ಳದಿದ್ದರೆ ಬದುಕಿದವರನ್ನು ಸತ್ತವರೆಂದೂ ಸತ್ತವರನ್ನು ಪ್ರವಾಸ ಹೋದವರೆಂದೂ ಬರೆಯಬೇಕಾದೀತು.

ಹೋಗಬೇಕೇ, ಕಾಯಬೇಕೇ?

ಕೋವಿಡ್ ಸೋಂಕಿನಿಂದ ಭಾರತದಲ್ಲಿ ದೃಢಪಟ್ಟ ಮೊದಲ ಮರಣ 2020ರ ಮಾರ್ಚಿನಲ್ಲಿ ಸಂಭವಿಸಿದ್ದು ನಮ್ಮದೇ ಕಲ್ಯಾಣ ಕರ್ನಾಟಕದ ಕಲಬುರಗಿಯಲ್ಲಿ. ಲಾಕ್‌ಡೌನ್ ಸಡಿಲವಾದ ಮೇಲೂ ರಾಜ್ಯದ ಗಡಿ ದಾಟಿ ಮರಳುವವರು ಸೇವಾಸಿಂಧು ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕಾದ ಕಾಲವೊಂದಿತ್ತು. ಒಂದು ಕಾಲದಲ್ಲಿ ಸಿಂಧನೂರಿನವರಿಗೆ ರಾಜಧಾನಿಯಾಗಿದ್ದ ಹೈದರಾಬಾದು ಆಗ ಪರರಾಜ್ಯವಾಗಿ, ಅನುಮತಿಯ ವಸ್ತುವಾಗಿ ಪರಿಣಮಿಸಿತು. ಪತ್ರಾಗಾರಗಳು ಹಂತಹಂತವಾಗಿ ತೆರೆದಾಗ ಕೆಲವೇ ಆಸನಗಳು, ಮುಂಗಡ ನೋಂದಣಿ, ಮುಖಗವುಸು ಮೊದಲಾದ ನಿಯಮಗಳು ಬಂದವು. ಇಂಗ್ಲೆಂಡಿನ ರಾಷ್ಟ್ರೀಯ ಪತ್ರಾಗಾರವು 2020ರ ಜುಲೈ 21ರಂದು ಸೀಮಿತ ಆಸನಗಳೊಡನೆ ತೆರೆಯಿತು. ಒಬ್ಬರು ಮುಟ್ಟಿದ ಕಡತವನ್ನು 72 ಗಂಟೆಗಳ ಕಾಲ ಪ್ರತ್ಯೇಕವಾಗಿಟ್ಟ ಬಳಿಕವೇ ಮತ್ತೊಬ್ಬರಿಗೆ ಕೊಡುವ ಕ್ರಮ ಅಲ್ಲಿತ್ತು. ಮುಚ್ಚಿದ್ದ ದಿನಗಳಲ್ಲಿ ತನ್ನ ಗಣಕೀಕೃತ ದಾಖಲೆಗಳನ್ನು ನೋಂದಾಯಿತ ಓದುಗರಿಗೆ ಅದು ಉಚಿತವಾಗಿ ಒದಗಿಸಿತು. ನಮ್ಮಲ್ಲಿಯೂ ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ ಪಟಲ' ಎಂಬ ಜಾಲತಾಣ ಕೆಲಮಟ್ಟಿಗೆ ಆಸರೆಯಾಯಿತು. ಆದರೆ ತಾಲೂಕು ಮಟ್ಟದ ಕಡತಗಳನ್ನೂ ಮನೆಯ ವಹಿಗಳನ್ನೂ ಯಂತ್ರದ ಪರದೆಯ ಮೇಲೆ ಕಾಣುವ ಭಾಗ್ಯ ಅಂದೂ ಇರಲಿಲ್ಲ, ಇಂದೂ ವಿರಳ.

ಇಂತಹ ಸ್ಥಿತಿಯಲ್ಲಿ ಪತ್ರಾಗಾರಕ್ಕೆ ಹೋಗುವುದು ತಪ್ಪೇ? ಹಿಂಸೆಗೆ ಮೂಲ ಪ್ರಮಾದ ಎಂಬುದು ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ನಿಲುವು. ಕೊಲ್ಲುವ ಉದ್ದೇಶವಿಲ್ಲದಿದ್ದರೂ ಅಜಾಗರೂಕತೆಯಿಂದ ಪರಪ್ರಾಣಕ್ಕೆ ಕುತ್ತು ತರುವವನು ದೋಷಮುಕ್ತನಲ್ಲ. ಪತ್ರಾಗಾರದಲ್ಲಿ ಕಟ್ಟು ಹೊತ್ತು ತರುವ ನೌಕರನಿಗೆ ಮನೆಯಲ್ಲಿ ವೃದ್ಧ ತಾಯಿ ಇರಬಹುದು. ಪಕ್ಕದ ಮೇಜಿನ ಓದುಗ ನಿವೃತ್ತ ಉಪಾಧ್ಯಾಯನಾಗಿರಬಹುದು. ಸೂಕ್ಷ್ಮಜೀವಿಗಳ ರಕ್ಷಣೆಗಾಗಿ ಮುಖವಸ್ತ್ರಿಕೆ ಧರಿಸುವ ಪರಂಪರೆಯ ನಮಗೆ, ಉಸಿರೂ ಹಿಂಸೆಗೆ ಸಾಧನವಾಗಬಲ್ಲದು ಎಂಬುದನ್ನು ಬೇರೆಯವರು ತಿಳಿಸಬೇಕಾಗಿಲ್ಲ. 2020ರ ಪರ್ಯೂಷಣದಲ್ಲಿ ಮುಂಬಯಿಯ ದಾದರ್, ಬೈಕುಲ್ಲಾ ಮತ್ತು ಚೆಂಬೂರಿನ ಮಂದಿರಗಳಿಗೆ ಸರ್ವೋಚ್ಚ ನ್ಯಾಯಾಲಯವು ಒಂದು ಬಾರಿಗೆ 5 ಮಂದಿ, ದಿನಕ್ಕೆ 250 ಮಂದಿ ಎಂಬ ಮಿತಿಯಲ್ಲಿ ಎರಡು ದಿನ ದರ್ಶನಕ್ಕೆ ಅವಕಾಶ ನೀಡಿತು. ದೇವದರ್ಶನಕ್ಕೇ ಮಿತಿ ಒಪ್ಪಿದವರಿಗೆ ದಾಖಲೆಯ ದರ್ಶನಕ್ಕೆ ಕಾಯುವುದು ಕಷ್ಟವೆನಿಸಬಾರದು.

ಆದರೆ ಕಾಯುವುದಕ್ಕೂ ಒಂದು ಬೆಲೆಯಿತ್ತು. ಕಡತವು ಒಂದು ವರ್ಷ ಕಾಯಬಲ್ಲದು. ಅದರ ಅರ್ಥ ಬಲ್ಲ ಅಜ್ಜಿ ಕಾಯಲಾರಳು. ಮಹಾಮಾರಿ ಆರಿಸಿಕೊಂಡು ಒಯ್ದದ್ದು ಹೆಚ್ಚಾಗಿ ಹಿರಿಯರನ್ನೇ. ಮಹಾಜನೀ ಲಿಪಿ ಬಲ್ಲವರು, ಉರ್ದು ಮಾಧ್ಯಮದಲ್ಲಿ ಓದಿದವರು, ಬಂದ ದಾರಿಯನ್ನು ತಂದೆಯ ಬಾಯಿಂದ ಕೇಳಿದವರು 2020 ಮತ್ತು 2021ರಲ್ಲಿ ಅಗಲಿದರು. ಪತ್ರಾಗಾರ ಮುಚ್ಚಿದೆಯೆಂದು ಕೊರಗುತ್ತಿದ್ದ ಅನೇಕ ಮನೆಗಳಲ್ಲಿ ಜೀವಂತ ಪತ್ರಾಗಾರವೊಂದು ಒಳಕೋಣೆಯಲ್ಲಿಯೇ ಇತ್ತು. ಆದುದರಿಂದ ಕರ್ತವ್ಯಗಳ ಕ್ರಮ ಸ್ಪಷ್ಟ. ಮೊದಲು ಬದುಕಿರುವವರ ನೆನಪು, ಅನಂತರ ಮನೆಯ ಕಾಗದ, ಕೊನೆಗೆ ಸರಕಾರದ ದಾಖಲೆ. ಕಠಿಣ ಕಾಲದಲ್ಲಿ ಮಾತ್ರವಲ್ಲ, ಸುಕಾಲದಲ್ಲಿಯೂ ಇದೇ ಕ್ರಮ ಶ್ರೇಯಸ್ಕರ.

ಸತ್ಯಾಣುವ್ರತದ ಐದು ಅತಿಚಾರಗಳು

ಶ್ರಾವಕರ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಎಣಿಸಿದೆ. ಮನೆತನದ ಇತಿಹಾಸವನ್ನು ಬರೆಯುವವನಿಗಾಗಿಯೇ ಅವನ್ನು ಹೇಳಿದಂತಿದೆ. ಮಿಥ್ಯೋಪದೇಶವು ಮೊದಲನೆಯದು. ಪ್ರಮಾಣವಿಲ್ಲದೆ ನಮ್ಮ ಪೂರ್ವಜರು ಮಂತ್ರಿಗಳಾಗಿದ್ದರು, ನಗರಸೇಠರಾಗಿದ್ದರು ಎಂದು ಮಕ್ಕಳಿಗೆ ಬೋಧಿಸುವುದು ಈ ದೋಷಕ್ಕೆ ಸೇರುತ್ತದೆ. ಕೂಟಲೇಖಕ್ರಿಯೆ ಎಂದರೆ ಸುಳ್ಳು ಬರಹ. ಕಾಣದ ತೇದಿಯನ್ನು ತುಂಬುವುದು, ವಂಶಾವಳಿಯಲ್ಲಿ ಬೇಕಾದ ಹೆಸರನ್ನು ಸೇರಿಸಿ ಬೇಡವಾದವರನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಬಿಟ್ಟುಬಿಡುವುದು ಅದರ ರೂಪಗಳೇ. ನ್ಯಾಸಾಪಹಾರವೆಂದರೆ ನಂಬಿ ಇಟ್ಟ ಒತ್ತೆಯನ್ನು ಹಿಂದಿರುಗಿಸದಿರುವುದು. ದಾಯಾದಿಗಳಿಂದಲೋ ಮಂದಿರದಿಂದಲೋ ನೋಡಲು ತಂದ ವಹಿಯನ್ನು ತನ್ನಲ್ಲಿಯೇ ಉಳಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದಗಳು ಗುಟ್ಟನ್ನು ಬಯಲು ಮಾಡುವ ದೋಷಗಳು. ಬದುಕಿರುವವರ ರೋಗ, ಸಾಲ, ಕುಟುಂಬಕಲಹಗಳನ್ನು ಇತಿಹಾಸದ ಹೆಸರಿನಲ್ಲಿ ಪ್ರಕಟಿಸುವುದು ಸತ್ಯನಿಷ್ಠೆಯಲ್ಲ.

ಆದರೆ ಗುಟ್ಟನ್ನು ಕಾಯುವುದು ಬೇರೆ, ಸತ್ಯವನ್ನು ಮರೆಮಾಚುವುದು ಬೇರೆ. ಸಾಹುಕಾರನ ವಹಿಯಲ್ಲಿ ಎರಡು ಕಡೆಯ ಬದುಕೂ ಇದೆ. ಒಂದು ಪುಟ ನಮ್ಮ ಹಿರಿಯರ ಶ್ರಮವನ್ನೂ ಮಿತವ್ಯಯವನ್ನೂ ತೋರಿಸಿದರೆ, ಎದುರಿನ ಪುಟ ಸಾಲಗಾರ ರೈತನ ಸಂಕಟವನ್ನು ತೋರಿಸುತ್ತದೆ. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದಾಗ ಸಾಹುಕಾರರಿಂದ ಕಸಿದು ಸುಟ್ಟದ್ದು ಮುಖ್ಯವಾಗಿ ಸಾಲಪತ್ರಗಳನ್ನು. ಕಾಗದವು ಒಬ್ಬನಿಗೆ ಆಸ್ತಿ, ಮತ್ತೊಬ್ಬನಿಗೆ ಸಂಕೋಲೆ ಎಂಬುದಕ್ಕೆ ಇದು ನಿದರ್ಶನ. ಬರವೂ ಜ್ವರವೂ ಕೂಡಿ ಬಂದ 1918ರಲ್ಲಿ ನಮ್ಮ ಅಂಗಡಿಯ ಬಾಕಿ ಮನ್ನಾ ಆಯಿತೇ, ಹೊಲದ ಪಟ್ಟಾ ಕೈಬದಲಾಯಿತೇ, ಧಾನ್ಯ ಹಂಚಲಾಯಿತೇ ಎಂದು ವಹಿಯನ್ನು ಕೇಳುವ ಧೈರ್ಯ ನಮಗಿರಬೇಕು. ಬಂದ ಉತ್ತರ ಅಭಿಮಾನಪಡುವಂಥದಾದರೆ ಬರೆಯೋಣ; ತಲೆತಗ್ಗಿಸುವಂಥದಾದರೂ ಬರೆಯೋಣ. ಸಾಂವತ್ಸರಿಕ ಕ್ಷಮಾಪನೆಯನ್ನು ವಿಧಿಯಾಗಿ ಆಚರಿಸುವ ಸಮಾಜಕ್ಕೆ ಇದು ಅಸಾಧ್ಯವಾಗಬಾರದು.

ಮಂದಿರಗಳ ಹೊಣೆ

1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯು ಕೇಂದ್ರ ಸರಕಾರದ ಕಡತಗಳನ್ನು ಕಾಪಾಡುತ್ತದೆ. ನಮ್ಮ ಮಂದಿರ, ಸ್ಥಾನಕ, ಉಪಾಶ್ರಯಗಳ ಹಳೆಯ ಲೆಕ್ಕಪುಸ್ತಕಗಳಿಗೆ ಆ ರಕ್ಷಣೆಯಿಲ್ಲ. ಚಂದಾಪಟ್ಟಿ, ತಪಸ್ಸಿನ ಪಟ್ಟಿ, ಚಾತುರ್ಮಾಸ್ಯದ ವೆಚ್ಚ, ಮರಣಾನಂತರ ಬಂದ ದಾನದ ನಮೂದು ಇವೆಲ್ಲ ಬೇರೆಲ್ಲಿಯೂ ದೊರೆಯದ ಸಾಕ್ಷ್ಯಗಳು. 1918ರ ಕಾರ್ತಿಕದಲ್ಲಿ ಯಾರ ಸ್ಮರಣಾರ್ಥ ದಾನ ಬಂತೆಂಬ ಒಂದು ಸಾಲು, ಸರಕಾರ ದಾಖಲಿಸದ ಮರಣವೊಂದನ್ನು ಬೆಳಕಿಗೆ ತರಬಲ್ಲದು. ಕಟ್ಟಡ ನವೀಕರಣದ ಸಂದರ್ಭದಲ್ಲಿ ಇಂತಹ ಪುಸ್ತಕಗಳು ರದ್ದಿಯ ಪಾಲಾಗದಂತೆ ಟ್ರಸ್ಟಿಗಳು ನೋಡಿಕೊಳ್ಳಬೇಕು.

ಇದಕ್ಕೆ ಹೊಸ ಉತ್ಸವವನ್ನೇನೂ ಕಲ್ಪಿಸಬೇಕಾಗಿಲ್ಲ. ಶ್ವೇತಾಂಬರರಿಗೆ ಕಾರ್ತಿಕ ಶುಕ್ಲ ಪಂಚಮಿಯ ಜ್ಞಾನಪಂಚಮಿಯೂ ದಿಗಂಬರರಿಗೆ ಜ್ಯೇಷ್ಠ ಶುಕ್ಲದ ಶ್ರುತಪಂಚಮಿಯೂ ಇವೆ. ಹಸ್ತಪ್ರತಿಗಳನ್ನು ಹೊರತೆಗೆದು, ಧೂಳೊರೆಸಿ, ಹೊಸ ವಸ್ತ್ರದಲ್ಲಿ ಕಟ್ಟುವ ಪದ್ಧತಿ ಈ ಪರ್ವಗಳೊಡನೆ ಬೆಳೆದು ಬಂದಿದೆ. ಜೈಸಲ್ಮೇರ್ ಮತ್ತು ಪಾಟಣದ ಜ್ಞಾನಭಂಡಾರಗಳು, ಮೂಡುಬಿದಿರೆಯ ಧವಲ ಗ್ರಂಥಗಳ ಓಲೆಗಳು ಶತಮಾನಗಳನ್ನು ದಾಟಿ ಉಳಿದದ್ದು ಇಂತಹ ಶ್ರದ್ಧೆಯಿಂದ. ಅದೇ ದಿನ ಟ್ರಸ್ಟಿನ ಮತ್ತು ಮನೆಯ ವಹಿಗಳನ್ನೂ ಹೊರತೆಗೆದು ಗೆದ್ದಲು, ತೇವಗಳನ್ನು ಪರೀಕ್ಷಿಸಿ, ಪುಟಪುಟವನ್ನೂ ಛಾಯಾಚಿತ್ರ ತೆಗೆಸಿ, ಒಂದು ಪ್ರತಿಯನ್ನು ಬೇರೊಂದು ಊರಿನಲ್ಲಿ ಇರಿಸಬಹುದು. ಜ್ಞಾನವನ್ನು ಬಚ್ಚಿಡುವುದೂ ಪರಿಗ್ರಹವೇ. ಹಂಚಿದರೆ ಅದು ಕುಂದುವುದಿಲ್ಲ.

ಇನ್ನೊಂದು ಕರ್ತವ್ಯ ಇದಕ್ಕಿಂತ ತುರ್ತಿನದು. 2020 ಮತ್ತು 2021ರಲ್ಲಿ ಭಾರತದಲ್ಲಿ ಕೋವಿಡ್ ನಿಮಿತ್ತ ಸಂಭವಿಸಿದ ಹೆಚ್ಚುವರಿ ಮರಣಗಳು ಸುಮಾರು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಸರಕಾರ ಈ ಅಂದಾಜನ್ನು ಒಪ್ಪಲಿಲ್ಲ. ಅಧಿಕೃತ ಸಂಖ್ಯೆ ಐದು ಲಕ್ಷದ ಆಸುಪಾಸಿನಲ್ಲಿದೆ. ಅಂಕಿಗಳ ವಾದವನ್ನು ತಜ್ಞರು ನಡೆಸಲಿ. ನಮ್ಮ ಸಂಘದಲ್ಲಿ ಅಗಲಿದವರು ಯಾರು, ಯಾವ ದಿನ, ಎಷ್ಟು ವಯಸ್ಸಿಗೆ, ಅವರ ಕೊನೆಯ ದಿನಗಳಲ್ಲಿ ಸೇವೆ ಮಾಡಿದವರು ಯಾರು ಎಂಬುದನ್ನು ಕುಟುಂಬದವರ ಒಪ್ಪಿಗೆ ಪಡೆದು ಬರೆದಿಡುವುದು ನಮ್ಮ ಕೈಯಲ್ಲಿಯೇ ಇದೆ. ಶಾರ್ವರಿ ಮತ್ತು ಪ್ಲವ ಸಂವತ್ಸರಗಳಲ್ಲಿ ಅನೇಕರಿಗೆ ನಾಲ್ಕು ಜನರ ಹೆಗಲೂ ದೊರೆಯಲಿಲ್ಲ, ಸಂತಾಪಸಭೆಯೂ ನಡೆಯಲಿಲ್ಲ. ಅವರಿಗೆ ಒಂದು ಸಾಲಿನ ಬರಹವಾದರೂ ಸಲ್ಲಬೇಕು.

ಕಾಳಯುಕ್ತಿ ಸಂವತ್ಸರದಲ್ಲಿ ಗತಿಸಿದವರ ಹೆಸರನ್ನು ನಾವು ಇಂದು ತಡಕಾಡುತ್ತಿದ್ದೇವೆ. ನೂರು ವರ್ಷಗಳ ಬಳಿಕ ಸಿಂಧನೂರಿನಲ್ಲಿಯೋ ಲಿಂಗಸುಗೂರಿನಲ್ಲಿಯೋ ಮಸ್ಕಿಯಲ್ಲಿಯೋ ಹುಟ್ಟುವ ಮಗು ತನ್ನವರನ್ನು ಅರಸಿ ಬಂದಾಗ ಅದಕ್ಕೆ ತೆರೆದ ಬಾಗಿಲೂ ಓದಬಲ್ಲ ಪುಟವೂ ದೊರೆಯುವಂತೆ ಮಾಡುವ ಹೊಣೆ ಪ್ರತಿಯೊಂದು ಶ್ರಾವಕ ಕುಟುಂಬದ ಮೇಲೆ, ಪ್ರತಿಯೊಂದು ಮಂದಿರದ ಟ್ರಸ್ಟಿನ ಮೇಲೆ ಇದೆ. ಬರುವ ಜ್ಞಾನಪಂಚಮಿಯಂದೇ ಈ ಕಾರ್ಯಕ್ಕೆ ನಾಂದಿಯಾಗಲಿ.